ಅರಕೇರಾದ ಬುತ್ತಿ

ರಾಯಚೂರು
೨೪ ಅಕ್ಟೋಬರ್ ೨೦೨೪, ಗುರುವಾರ ಸಂಜೆ

ಪ್ರೀತಿಯ ಮೇಘಾ,

ಜೈಭೀಮ್. ಹೇಗಿದ್ದೀ? ಓಡಿ ಓಡಿ ಹಿಮ್ಮಡಿಯಲ್ಲಿ ಎದ್ದಿದ್ದ ಬೊಬ್ಬೆ ಒಣಗಿತೇ? ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೀಯೋ, ಇಲ್ಲಾ ನಾನು ಹೇಳಿದ ಎಲ್ಲದಕ್ಕೂ ಮಾಡುವ ಹಾಗೆ ಹೂಂ ಅಂದು ಸುಮ್ಮನಾದೆಯೋ? ಇಲ್ಲಿ ನಾವು ಮೂವರೂ ಆರಾಮಾಗಿದ್ದೇವೆ. ಪ್ರಜ್ಞಾಳ ಇನ್ನೊಂದು ಹಲ್ಲು ಬಿತ್ತು. ಅಶುವಿನ ನೆಗಡಿ ವಾಸಿಯಾಗಿದೆ. ಅವನು ಈಗ ಚಪ್ಪಲಿಯನ್ನು ತಾನೇ ಹಾಕಿಕೊಳ್ಳುತ್ತಾನೆ, ಎಡದ್ದು ಬಲಕ್ಕೆ.

ಭಾನುವಾರ ದಸರಾ ರಜೆ ಮುಗಿಸಿ ಬಂದು ಬೀಗ ತೆಗೆದರೆ ಬಾಗಿಲ ಸಂದಿಯಲ್ಲಿ ನಿನ್ನ ಪತ್ರ ಬಿದ್ದಿತ್ತು. ಎರಡೇ ಸಾಲು. 'ಪೊಲೀಸ್ ತರಬೇತಿ ಬಿಡ್ತೀನಂತ ಅರ್ಜಿ ಬರೆದಿಟ್ಟೀನಿ. ನಿಮ್ಮ ಕಾಗದ ಬಂದ ಮೇಲೆ ಸಾಹೇಬರಿಗೆ ಕೊಡ್ತೀನಿ.' ಅದನ್ನು ನಾಲ್ಕು ದಿನದಿಂದ ಅಂಗಿ ಜೇಬಿನಲ್ಲಿಟ್ಟುಕೊಂಡು ಶಾಲೆಗೆ ಹೋಗಿ ಬರುತ್ತಿದ್ದೇನೆ. ಅವತ್ತೇ ಸಂಜೆ, ಭಾನುವಾರಕ್ಕೊಮ್ಮೆ ಅಲ್ಲಿ ಬಿಡುವ ನಿನ್ನ ಐದು ನಿಮಿಷದ ಫೋನ್ ಬಂದರೂ ಮಕ್ಕಳು ಕಸಿದುಕೊಂಡರು, ನೀನೂ ಆ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಪ್ಪು ನನ್ನದೇ. ಮಾನ್ವಿಯ ನನ್ನ ಅಕ್ಕನ ಮನೆಯಿಂದ ನಾನು ಬರೆದ ಪತ್ರ ಹಾಗಿತ್ತು. ಅಶು ನಮ್ಮಕ್ಕನನ್ನೇ 'ಅವ್ವಾ' ಅಂತ ಕರೆದುಬಿಟ್ಟ, ನನಗೆ ಸಾಕಾಗಿದೆ, ಬಂದುಬಿಡು ಎಂದು ಬರೆದಿದ್ದೆ. ನಲವತ್ತು ಮಕ್ಕಳ ತರಗತಿ ನಡೆಸುವ ಮಾಸ್ತರನಿಗೆ ಮನೆಯ ಎರಡು ಮಕ್ಕಳು ನೀರು ಕುಡಿಸಿದ್ದವು. ನಿನ್ನ ಆ ಎರಡು ಸಾಲಿಗೆ ಉತ್ತರ ಬರೆಯಲೆಂದೇ ಕುಳಿತಿದ್ದೇನೆ. ಆದರೆ ಮೊದಲು ನಾನು ಮಾಡಿದ ಘನಕಾರ್ಯವೊಂದನ್ನು ಕೇಳು.

ಮಾನ್ವಿಯಿಂದ ಅರಕೇರಾಕ್ಕೆ ಹೋಗಿ ನಿಮ್ಮ ಅವ್ವನ ಹತ್ತಿರ ಒಂದು ವಾರ ಇದ್ದೆವು. ಹೊರಡುವ ದಿನ ಅತ್ತಿ ಮಾನಮ್ಮ ಬಿಳಿ ಪಂಚೆಯಲ್ಲಿ ಬುತ್ತಿ ಕಟ್ಟಿದರು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿಯ ದೊಡ್ಡ ಅಟ್ಟಿ, ಶೇಂಗಾ ಹೋಳಿಗೆ, ಗುರೆಳ್ಳು ಪುಡಿ. "ಮೂರು ಮಂದಿಗೆ ಇಷ್ಟ್ಯಾಕ ಬೇ ಯವ್ವಾ?" ಅಂದೆ. "ಒಯ್ರಿ, ಸಾಲಂಗಿಲ್ಲ ಅದು" ಅಂತ ನಕ್ಕರು. ನನಗೆ ಅಡುಗೆ ಬರುವುದಿಲ್ಲವೆಂದು ಮರುಗಿ ಕಟ್ಟಿದ್ದಾರೆ ಅಂದುಕೊಂಡು, ದೇವದುರ್ಗದಲ್ಲಿ ಬಸ್ಸು ಬದಲಿಸುವಾಗ ಆ ಗಂಟನ್ನು ಮಗುವಿಗಿಂತ ಜೋಪಾನವಾಗಿ ಹಿಡಿದಿದ್ದೆ. ಮನೆಗೆ ಬಂದಮೇಲೆ ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ರೊಟ್ಟಿ, ಸಂಜೆ ರೊಟ್ಟಿ. ಮೂರು ದಿನ ಹಾಲು ಕಾಯಿಸಲು ಬಿಟ್ಟರೆ ಒಲೆ ಹಚ್ಚಲಿಲ್ಲ. ಎಂಥ ಸಂಸಾರ ನಡೆಸುತ್ತಿದ್ದೇನೆ ಎಂದು ಒಳಗೊಳಗೇ ಬೀಗುತ್ತಿದ್ದೆ.

ನಿನ್ನೆ ಶಾಲೆಯಿಂದ ಬಂದು ಅಶುವನ್ನು ಕರೆತರಲು ಪಕ್ಕದ ಮನೆಗೆ ಹೋದಾಗ ಮಹಬೂಬೀ ಬಾಗಿಲಲ್ಲೇ ತಡೆದರು. "ಮಾಸ್ತರ್, ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೇಘಾನ ತವರಮನಿ ಬುತ್ತಿ ಈ ಸಲ ಯಾರ ಮನಿಗೂ ಬಂದಿಲ್ಲ. ಮೇಘಾ ಮನಿ ಬಿಟ್ಟು ಹೋಗ್ಯಾಳ, ತವರಿನವ್ರು ಬರಿಗೈಲೆ ಕಳಿಸ್ಯಾರ ಅಂತ ಓಣ್ಯಾಗ ಮಾತಾಡಾಕತ್ತಾರ." ನನ್ನ ಮುಖ ನೋಡಬೇಕಿತ್ತು ನೀನು. ನನ್ನ ಅವ್ವ ಮನೆಮನೆಗೆ ಹಂಚಿ ಬುತ್ತಿ ಬೀರಿದ್ದನ್ನು ಚಿಕ್ಕಂದಿನಲ್ಲಿ ಕಂಡವನೇ ನಾನು. ಪ್ರತಿ ವರ್ಷ ನೀನು ತವರಿನಿಂದ ಬಂದವಳೇ ಕಾಲು ತೊಳೆದು ತಟ್ಟೆ ಹಿಡಿದು ಮನೆಮನೆಗೆ ಹೋಗುತ್ತಿದ್ದೆ, ನಾನು ಪ್ರಯಾಣದ ಆಯಾಸವೆಂದು ಫ್ಯಾನಿನ ಕೆಳಗೆ ಬಿದ್ದಿರುತ್ತಿದ್ದೆ. ಆ ಕೆಲಸ ಈಗ ನನ್ನದು ಅಂತ ಹೊಳೆಯಲೇ ಇಲ್ಲ. ಓಣಿಯ ಪಾಲನ್ನೆಲ್ಲ ನಾನೇ ಮುಕ್ಕಿದ್ದೆ.

ಗಂಟು ಬಿಚ್ಚಿದರೆ ಉಳಿದಿದ್ದು ಹತ್ತೇ ರೊಟ್ಟಿ, ಐದು ಹೋಳಿಗೆ. ಅಂಗಡಿಯಿಂದ ಒಂದು ಕಟ್ಟು ರೊಟ್ಟಿ ತಂದು ಸೇರಿಸೋಣವೆಂದೆ. ನಿನ್ನ ಮಗಳು ಸೊಂಟದ ಮೇಲೆ ಕೈಯಿಟ್ಟು, "ಅವು ಅರಕೇರಾ ಆಯಿ ಬಡಿದ ರೊಟ್ಟಿ ಅಲ್ಲ. ಸುಳ್ಳು ಬುತ್ತಿ ಬೀರ್ತಾರೇನಪ್ಪಾ?" ಅಂತ ಕೇಳಿದಳು. ಆಮೇಲೆ ತಾನೇ ಕುಳಿತು ಒಂದೊಂದು ರೊಟ್ಟಿಯನ್ನೂ ಎರಡು ಮಾಡಿದಳು. ಇಪ್ಪತ್ತು ಹೋಳು, ಇಪ್ಪತ್ತು ಮನೆ. ಯಾವ ಮನೆ ಮೊದಲು, ಯಾವುದು ಆಮೇಲೆ, ಎಲ್ಲ ಅವಳಿಗೆ ಗೊತ್ತು. "ಖಾಸಿಂ ಬೀ ಅಜ್ಜಿಗ ಹಲ್ಲಿಲ್ಲ, ಹೋಳಿಗಿ ಅಷ್ಟ ಕೊಡಬೇಕು. ಅವ್ವ ಹಂಗ ಕೊಡ್ತಾಳ." ನಿನ್ನ ಸೆರಗು ಹಿಡಿದು ಓಡಾಡಿದ ಏಳು ವರ್ಷದ ಹುಡುಗಿ ಕಲಿತದ್ದನ್ನು, ಜೊತೆಗೆ ಸಂಸಾರ ಮಾಡಿದ ನಾನು ಕಲಿಯಲಿಲ್ಲ. ನಾಚಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಹೆಮ್ಮೆಯೇ ಹೆಚ್ಚು.

ನಾನು ತಟ್ಟೆ ಹಿಡಿದು ಅವಳ ಹಿಂದೆ ಹೋದೆ, ಅಶು ನನ್ನ ಹಿಂದೆ. ಪ್ರತಿ ಬಾಗಿಲಲ್ಲೂ ಅವಳದು ಒಂದೇ ಮಾತು: "ನಮ್ಮವ್ವ ಕೊಡು ಅಂದಾಳ. ಆಕಿ ಪೊಲೀಸ್ ಆಗಾಕ ಹೋಗ್ಯಾಳ. ಸಂಕ್ರಾಂತಿಗೆ ಖಾಕಿ ಡ್ರೆಸ್ ಹಾಕ್ಕೊಂಡು ಬರ್ತಾಳ." ತಟ್ಟೆ ಒಂದು ಸಲವೂ ಬರಿದಾಗಿ ಬರಲಿಲ್ಲ. ಒಬ್ಬರು ಸಕ್ಕರೆ ಹಾಕಿದರು, ಒಬ್ಬರು ಕರಿಬೇವು, ಮಹಬೂಬೀ ನಾಲ್ಕು ಮೊಟ್ಟೆ. ಖಾಸಿಂ ಬೀ ಹೋಳಿಗೆ ಬಾಯಿಗಿಟ್ಟುಕೊಂಡು, "ಬಂದ ದಿನ ಮೊದಲ ಸಲಾಮ್ ನನಗ ಹೊಡೀಬೇಕು ಅಂತ ಹೇಳವ್ವ" ಅಂದರು. ಮನೆ ಬಿಟ್ಟು ಹೋದವಳ ಸುದ್ದಿಯನ್ನು ಆಮೇಲೆ ಯಾರೂ ಎತ್ತಲಿಲ್ಲ. ನೀನು ಇಲ್ಲದೆಯೂ ಈ ಓಣಿಯಲ್ಲಿ ನಿನ್ನ ಕೈಯೇ ನಡೆಯುತ್ತದೆ ಮೇಘಾ. ನಿನ್ನಂಥವಳನ್ನು ಕಟ್ಟಿಕೊಂಡ ನಾನು ಪುಣ್ಯವಂತ. ಎದುರಿಗೆ ಹೇಳಿದರೆ ನಗುತ್ತೀಯೆಂದು ಇಲ್ಲಿ ಬರೆದಿದ್ದೇನೆ.

ಪ್ರಜ್ಞಾ ಮಗ್ಗಿ ಒಪ್ಪಿಸಲು ಬಂದು ನಿಂತಿದ್ದಾಳೆ, ಅಶು ನನ್ನ ಬೆನ್ನು ಹತ್ತಿದ್ದಾನೆ. ನಿನ್ನ ಕೋಣೆಯ ಗೆಳತಿಯರಿಗೆ ನಮಸ್ಕಾರ ತಿಳಿಸು. ಹಿಮ್ಮಡಿ ನೋಡಿಕೋ, ಹೊಟ್ಟೆ ತುಂಬ ಉಣ್ಣು.

ನಿನ್ನ,
ಯಲ್ಲಾಲಿಂಗ

ತಾ.ಕ.: ಆ ಅರ್ಜಿಯನ್ನು ಹರಿದು ಹಾಕು. ಬಂದುಬಿಡು ಅಂದ ನನ್ನ ಮಾತನ್ನು ವಾಪಸ್ ತೆಗೆದುಕೊಂಡಿದ್ದೇನೆ. ಇಪ್ಪತ್ತು ಮನೆಗೆ ಮಗಳು ಮಾತು ಕೊಟ್ಟಾಗಿದೆ, ಅವಳನ್ನು ಸುಳ್ಳುಗಾರ್ತಿ ಮಾಡಬೇಡ. ಇನ್ನೊಂದು. ಖಾಸಿಂ ಬೀಗೆ ಹೋಳಿಗೆ ಕೊಟ್ಟಿದ್ದರಿಂದ ಅರ್ಧ ರೊಟ್ಟಿ ಉಳಿದಿತ್ತು. ಅಶು ಅದನ್ನು ಎದೆಗವಚಿಕೊಂಡು ಕೊಡಲೇ ಇಲ್ಲ. ಯಾರಿಗಪ್ಪ ಇದು ಅಂತ ಕೇಳಿದೆ. "ಅವ್ವಗ" ಅಂದ. ಯಾವ ಅವ್ವಗ, ಮಾನ್ವಿ ಅವ್ವಗೇನು ಅಂತ ಬೇಕೆಂದೇ ಕೇಳಿದೆ. ಗೋಡೆಯ ಮೇಲಿನ ನಿನ್ನ ಫೋಟೋ ತೋರಿಸಿ, ನಾನು ಎಂಥ ದಡ್ಡ ಅನ್ನುವ ಹಾಗೆ ನೋಡಿದ. ಆ ಅರ್ಧ ರೊಟ್ಟಿ ಸ್ಟೀಲ್ ಡಬ್ಬಿಯಲ್ಲಿದೆ. ಒಣಗಿದ ಕಟಕ ರೊಟ್ಟಿ, ಕೆಡುವುದಿಲ್ಲ. ಸಂಕ್ರಾಂತಿಗೆ ಬಂದು ತಿನ್ನು.