ಹೆಸರು ಬರೆದಿದ್ದ ರೂಕಿ ಕಾರ್ಡ್

೧೨ ಆಗಸ್ಟ್ ೨೦೦೬, ಶನಿವಾರ. ಸ್ಯಾಂಟಾ ಕ್ಲಾರಿಟಾ.

ನನ್ನ ಗಂಡ ಗಿರಿಧರ್ ನನ್ನ ಕಾರ್ಡನ್ನು ಯಾರಿಗೋ ಕೊಟ್ಟುಬಿಟ್ಟ. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಹೋದ ವರ್ಷ ಸ್ಯಾನ್ ಡಿಯಾಗೋದಲ್ಲಿ ಬೇಸ್‌ಬಾಲ್ ಮ್ಯಾಚ್ ಮುಗಿದ ಮೇಲೆ ಒಬ್ಬ ಹೊಸ ಆಟಗಾರ ನಮ್ಮ ಹತ್ತಿರ ಬಂದು, ತನ್ನ ಫೋಟೋ ಇರುವ ಮೊದಲ ವರ್ಷದ ಕಾರ್ಡಿನ, ಅಂದರೆ ರೂಕಿ ಕಾರ್ಡಿನ ಮೇಲೆ 'ಹರಿಣಿಗೆ' ಎಂದು ಬರೆದು ಸಹಿ ಹಾಕಿದ್ದ. ಹೆಸರನ್ನು ಎರಡು ಸಲ ಕೇಳಿ, ಅಕ್ಷರ ತಪ್ಪದೆ ಬರೆದಿದ್ದ. ಆಫೀಸಿನಲ್ಲಿ ಯಾರ ಬಾಯಿಗೂ ನನ್ನ ಹೆಸರು ಬರುವುದಿಲ್ಲ; ಅವರಿಗೆ ನಾನು ಇನ್ನೂ 'ಹ್ಯಾರಿ'.

ಸಂಜೆ ಗಿರಿ ವುಡ್‌ಲ್ಯಾಂಡ್ ಹಿಲ್ಸ್‌ನ ಕಾರ್ಡ್ ಅಂಗಡಿಯಿಂದ ಬೀಗುತ್ತ ಬಂದ. ಕೈಯಲ್ಲಿ ಗಟ್ಟಿ ಪ್ಲಾಸ್ಟಿಕ್‌ನೊಳಗೆ ಸೀಲ್ ಮಾಡಿದ ಬೇರೆ ಯಾವನೋ ಆಟಗಾರನ ಕಾರ್ಡ್.

"ಈ ವರ್ಷ ಕಲೆಕ್ಟ್ ಮಾಡೋಕೆ ಇದೇ ಬೆಸ್ಟ್ ರೂಕಿ ಕಾರ್ಡ್ ಕಣೇ. ನಿಂದನ್ನ ಕೊಟ್ಟು ಎಕ್ಸ್‌ಚೇಂಜ್ ಮಾಡ್ದೆ. ಹೆಸರು ಬರೆದಿದ್ರೆ ವ್ಯಾಲ್ಯೂ ಕಮ್ಮಿಯಂತೆ, ಆದ್ರೂ ಅಂಗಡಿಯವ್ನು ತಗೊಂಡ."

"ಅದು ನಂದು, ಗಿರಿ."

"ಇದೂ ನಿಂಗೇ. ಸರ್‌ಪ್ರೈಸ್ ಕೊಡೋಣ ಅಂತ. ಅನಘಾನೂ ಓಕೆ ಅಂದ್ಳು."

ಮಗಳ ಕಡೆ ತಿರುಗಿದೆ. "ಇಟ್ಸ್ ಜಸ್ಟ್ ಎ ಕಾರ್ಡ್, ಅಮ್ಮ," ಎಂದಳು.

ಅಂದರೆ ಅವಳಿಗೂ ಗೊತ್ತಿತ್ತು. ಇಬ್ಬರೂ ಕೂತು ಮಾತಾಡಿಕೊಂಡೇ ಕಾರ್ಡ್ ಇಟ್ಟಿದ್ದ ನನ್ನ ಡ್ರಾಯರ್ ತೆಗೆದಿದ್ದಾರೆ.

ಅಂಗಡಿಗೆ ಫೋನ್ ಮಾಡು ಎಂದೆ. ಮಾಡಿದ. "ಆಗ್ಲೇ ಯಾರೋ ತಗೊಂಡು ಹೋದ್ರಂತೆ," ಎಂದು ನನ್ನ ಮುಖ ನೋಡಿದ. ಆಗಷ್ಟೇ ಅವನಿಗೆ ಅರ್ಥವಾಯಿತು ಅನ್ನಿಸುತ್ತದೆ. ಅಡುಗೆಮನೆಗೆ ಹೋಗಿ ಕಾಫಿ ಮಾಡಿ ತಂದುಕೊಟ್ಟ. ಸಕ್ಕರೆ ಹೆಚ್ಚಾಗಿತ್ತು. ಕುಡಿದೆ.

ಎರಡು ಕಾರ್ಡುಗಳಲ್ಲಿ ಯಾವುದು ಬೆಸ್ಟ್ ಎಂದು ನನ್ನನ್ನು ಕೇಳಿದ್ದರೆ ಸಾಕಿತ್ತು. ನನ್ನನ್ನು ಖುಷಿಪಡಿಸಲೆಂದೇ ಮಾಡಿದ, ಅದು ಸುಳ್ಳಲ್ಲ. ಅವನು ಕೆಟ್ಟವನಾಗಿದ್ದರೆ ಚೆನ್ನಾಗಿ ಜಗಳವಾಡಿ ಮಲಗಬಹುದಿತ್ತು. ಈಗ ಜಗಳವೂ ಇಲ್ಲ, ನಿದ್ದೆಯೂ ಇಲ್ಲ.