ಕಿಟಕಿ ಹಾಸಿಗೆ ಕರೆಯುತ್ತಿದೆ

ಮನೆಯಿಂದ,
ಹದಿನಾಲ್ಕನೇ ತಾರೀಕು, ಬುಧವಾರ

ಮುದ್ದಿನ ಸೊಸೆಗೆ,

ನಿನ್ನ ಅತ್ತೆಯ ತುಂಬು ಆಶೀರ್ವಾದ. ಬೈಗುಳವೂ ಇದೆ, ಅದು ಆಮೇಲೆ. ಮೊದಲು ನಿನ್ನ ಆರೋಗ್ಯ ಹೇಳು. ಹೊಟ್ಟೆಗೆ ಸರಿಯಾಗಿ ತಿನ್ನುತ್ತಿದ್ದೀಯಾ, ಇಲ್ಲಾ ತಟ್ಟೆಯಲ್ಲಿ ಅನ್ನವನ್ನು ಆಚೆಗೊಮ್ಮೆ ಈಚೆಗೊಮ್ಮೆ ತಳ್ಳಿ ಎದ್ದುಬಿಡುತ್ತೀಯಾ? ನಿನ್ನ ಅಕ್ಕನ ಮನೆಯ ಮೆಟ್ಟಿಲು ಕಡಿದು, ನೋಡಿಕೊಂಡು ಇಳಿ. ನನ್ನ ಮಂಡಿ ಎಂದಿನಂತೆ ತನಗೆ ಬೇಕಾದಾಗ ನೋಯುತ್ತದೆ, ಅದರ ಚಿಂತೆ ಬೇಡ. ನಿನ್ನ ಗಂಡ ಚೆನ್ನಾಗಿದ್ದಾನೆ ಎಂದು ಬರೆದರೆ ಸುಳ್ಳಾಗುತ್ತದೆ. ನಿನ್ನೆ ಬೇಕೆಂದೇ ಅಡುಗೆಗೆ ಉಪ್ಪು ಹಾಕಲಿಲ್ಲ. ಮಾತಿಲ್ಲದೆ ತಿಂದು ಕೈತೊಳೆದ. ನೀನು ನಿನ್ನ ಫೋನನ್ನು ಫ್ರಿಜ್ಜಿನ ಮೇಲಿಟ್ಟು ಹೋದೆಯಲ್ಲ, ಅದು ಅಲ್ಲೇ ಇದೆ, ಅವನು ದಿನಾ ಅದನ್ನು ಚಾರ್ಜಿಗೆ ಹಾಕುತ್ತಾನೆ. ನಿನ್ನ ಅಕ್ಕನಿಗೆ ಫೋನ್ ಮಾಡಿದರೆ ‘ಮಲಗಿದ್ದಾಳಮ್ಮಾ’ ಎನ್ನುತ್ತಾಳೆ. ನೀನು ಮಲಗುತ್ತಿಲ್ಲ ಎಂದು ನನಗೆ ಗೊತ್ತಿಲ್ಲವೇ? ಅದಕ್ಕೇ ಈ ಕಾಗದ. ಕಾಗದ ಸದ್ದು ಮಾಡುವುದಿಲ್ಲ, ನೀನು ಬೆಚ್ಚಿಬೀಳುವ ಭಯವಿಲ್ಲ.

ಆ ದಿನದ ಮಾತು ಎತ್ತಬೇಡಿ ಎಂದಿದ್ದೆ. ಎತ್ತುತ್ತೇನೆ. ಅತ್ತೆಯಾದ ಮೇಲೆ ಅಷ್ಟೂ ಅಧಿಕಾರ ಬೇಡವೇ? ವೃದ್ಧಾಶ್ರಮದಲ್ಲಿ ಆ ಮಧ್ಯಾಹ್ನ ಕೆಲಸದ ಪಾಳಿಯಲ್ಲಿ ಇದ್ದದ್ದು ನಾವಿಬ್ಬರೇ. ನಾನು ಕೆಳಗೆ ಬಟ್ಟೆಕೋಣೆಯಲ್ಲಿ ಹೊದಿಕೆ ಮಡಿಸುತ್ತಿದ್ದೆ, ನೀನು ಮೇಲಿನ ವಾರ್ಡಿನ ಕೊನೆಯ ಕೋಣೆಯಲ್ಲಿ ತುಟಿ ಬಿಚ್ಚದ ಅಜ್ಜಿಗೆ ಗಂಜಿ ಕುಡಿಸುತ್ತಿದ್ದೆ. ಒಂದು ಚಮಚ ಒಳಗೆ ಹೋದರೆ ಆಕೆ ಇನ್ನೊಂದಕ್ಕೆ ಬಾಯಿ ತೆರೆಯುವಷ್ಟರಲ್ಲಿ ನಾನಾದರೆ ಎರಡು ದಿಂಬಿಗೆ ಗವಸು ಹಾಕಿಬಿಡುತ್ತೇನೆ. ಆಫೀಸಿನವರು ಕೊಟ್ಟ ಫೋನು ನಿನ್ನ ಏಪ್ರನ್ನಿನ ಜೇಬಿನಲ್ಲಿತ್ತು. ಯಾರಾದರೂ ಹಾಸಿಗೆಯ ಪಕ್ಕದ ಬೆಲ್ ಒತ್ತಿದರೆ ವೈಫೈ ಮೂಲಕ ಅದರಲ್ಲಿ ಗಂಟೆಯಾಗಬೇಕು. ಆಗಲಿಲ್ಲ. ಕಿಟಕಿ ಹಾಸಿಗೆಯ ಮೇಷ್ಟ್ರು ತಾವೇ ಏಳಲು ಹೋಗಿ ಬಿದ್ದರು. ಬಿದ್ದ ಸದ್ದಿಗೆ ನೀನು ಓಡಿದೆ, ಆಂಬುಲೆನ್ಸ್ ಬಂತು, ಆಸ್ಪತ್ರೆ ಸೇರುವ ಮೊದಲೇ ಜೀವ ಹೋಯಿತು. ನಾನು ಅವರ ಹಾಸಿಗೆಯ ಬಟ್ಟೆ ಸುತ್ತಿಕೊಂಡು ಕೆಳಗಿಳಿಯುತ್ತಿದ್ದಾಗ ನಿನ್ನ ಕೂಗು ಕೇಳಿತು. ಹತ್ತಿ ಬಂದು ನೋಡಿದರೆ ಫೋನು ನೆಲದ ಮೇಲೆ ಕಪ್ಪಗೆ ಬಿದ್ದಿತ್ತು, ನೀನು ಗೋಡೆಗೆ ಒತ್ತಿಕೊಂಡು ನಿಂತಿದ್ದೆ. ಹೊತ್ತೆಷ್ಟಾಯಿತೆಂದು ನೋಡಲು ಜೇಬಿನಿಂದ ತೆಗೆದೆಯಂತೆ, ತೆಗೆದ ಕೂಡಲೇ ಅವರ ಹಾಸಿಗೆಯ ಗಂಟೆ ಹೊಡೆಯಿತಂತೆ. ‘ಅತ್ತೆ, ಮೇಷ್ಟ್ರು ಕರೀತಿದಾರೆ’ ಎಂದೆ. ಆ ಮಾತು ನನ್ನ ಎದೆಯಲ್ಲಿ ಈಗಲೂ ಕೂತಿದೆ.

ಮೇಲ್ವಿಚಾರಕಿ ಅಂದದ್ದನ್ನು ಮರೆತಿಲ್ಲ. ‘ತೂಕಡಿಸ್ತಾ ಕೂತಿದ್ದು ಈಗ ದೆವ್ವದ ನಾಟಕ ಆಡ್ತಾಳೆ.’ ಅವಳ ನಾಲಗೆಗೆ ಎಲುಬಿಲ್ಲ, ಬಿಡು. ನನಗೆ ಹೊಟ್ಟೆ ಉರಿದದ್ದು ನೀನೇ ಅದನ್ನು ನಂಬಲು ಶುರುಮಾಡಿದಾಗ. ಎರಡು ಚಮಚದ ನಡುವೆ ಕಣ್ಣು ಮುಚ್ಚಿದ್ದೆನೇನೋ ಅತ್ತೆ, ಅವರು ಕರೆಕರೆದು ಸುಸ್ತಾಗಿ ಎದ್ದರೇನೋ ಎಂದು ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ, ಹೊತ್ತು ಗೊತ್ತಿಲ್ಲದೆ ಕೇಳುತ್ತಿದ್ದೆ. ಅಲ್ಲವೇ ಹುಚ್ಚಿ, ಆ ಅಜ್ಜಿಯ ಕೊರಳಿಗೆ ಕಟ್ಟಿದ್ದ ಬಟ್ಟೆ ಒಗೆಯಲು ನನ್ನ ಹತ್ತಿರವೇ ತಾನೆ ಬಂದದ್ದು? ಒಂದು ತೊಟ್ಟು ಗಂಜಿಯ ಕಲೆ ಇರಲಿಲ್ಲ, ಬಟ್ಟಲೂ ಖಾಲಿ. ತೂಕಡಿಸುವವಳ ಕೈಯಿಂದ ಆಕೆ ಅಷ್ಟು ಚೊಕ್ಕಟವಾಗಿ ಕುಡಿಯುತ್ತಾಳೆಯೇ? ಇದನ್ನು ಅಂದೇ ಹೇಳಿದೆ, ನಿನ್ನ ಕಿವಿಗೆ ಬೀಳಲಿಲ್ಲ. ಕಿವಿಯ ತುಂಬ ಆ ಗಂಟೆಯೇ ತುಂಬಿತ್ತು.

ಈಗ ಸುದ್ದಿ. ನೀನು ಹೋದ ಮೇಲೆ ಖಾಲಿ ಹಾಸಿಗೆಗಳು ಕರೆಯತೊಡಗಿದವು. ಸ್ನಾನಕ್ಕೆ ಕರೆದೊಯ್ದವರ ಹಾಸಿಗೆ ಕರೆಯಿತು, ಮಗನ ಮನೆಗೆ ಹೊರಟುಹೋದವರ ಹಾಸಿಗೆಯೂ ಕರೆಯಿತು. ಹೊಸ ಆಯಾ ಒಬ್ಬಳು ಅಳುತ್ತ ಕೆಲಸ ಬಿಟ್ಟಳು, ಉಳಿದವರು ಕಿಟಕಿ ಹಾಸಿಗೆಯ ಕಡೆ ಜೋಡಿಯಾಗಿಯೇ ಹೋಗುತ್ತಿದ್ದರು. ಗಂಟೆ ತಪ್ಪದೆ ಕೇಳುತ್ತಿದ್ದದ್ದು ನಮ್ಮ ವಿಡಿಯೊ ರಾಣಿಗೆ ಮಾತ್ರ. ಕೆಲಸದ ಹೊತ್ತಿನಲ್ಲೂ ಫೋನಿನಲ್ಲಿ ಮುಖ ಹುದುಗಿಸಿ ಕೂರುವ ಅವಳನ್ನು ಎಲ್ಲರ ಮುಂದೆ ಹೊಗಳಿದರು, ‘ನೋಡಿ ಕಲೀರಿ’ ಎಂದು. ನಾನು ನಕ್ಕಿದ್ದಕ್ಕೆ ಮೇಲ್ವಿಚಾರಕಿ ಗುರುಗುಟ್ಟಿದಳು. ಕೊನೆಗೆ ನೆಟ್‌ವರ್ಕ್ ರಿಪೇರಿಯಾಕೆಯನ್ನು ಕರೆಸಿದರು. ನಿನ್ನ ಮಾತಿಗೆ ಬೆಲೆಕೊಟ್ಟು ಕರೆಸಲಿಲ್ಲ, ದೆವ್ವಕ್ಕೆ ಹೆದರಿ ಕರೆಸಿದರು.

ಆಕೆ ದಪ್ಪಗಿದ್ದಾಳೆ, ಮಾತು ಕಡಿಮೆ, ಬಟ್ಟೆಯ ಧೂಳಿಗೆ ಸೀನಿದರೆ ಕೋಣೆ ನಡುಗುತ್ತದೆ. ವೈಫೈ ಪೆಟ್ಟಿಗೆ ಆರಿಸಿ ಹೊತ್ತಿಸಿದಳು, ಪಡಸಾಲೆಗೆ ಇನ್ನೊಂದು ಪೆಟ್ಟಿಗೆ ತಂದಳು, ಪಾಸ್‌ವರ್ಡ್ ಅಳಿಸಿ ಮತ್ತೆ ಹಾಕಿದಳು. ಏನು ಮಾಡಿದರೂ ಆಕೆ ಕೈಗೆತ್ತಿಕೊಂಡ ಕ್ಷಣ ಫೋನು ಸಾಧುವಿನಂತೆ ಸರಿಯಾಗಿಬಿಡುತ್ತಿತ್ತು. ‘ನೋಡಿದ್ರೆ ಚೆನ್ನಾಗಿರತ್ತೆ, ನೋಡದೆ ಬಿಟ್ರೆ ಕಳೆದುಹೋಗತ್ತೆ’ ಎಂದು ಗೊಣಗಿದಳು. ಆಮೇಲೆ ಬಟ್ಟೆಕೋಣೆಯಲ್ಲಿ ಒಂದು ಫೋನನ್ನು ನನ್ನ ಹೊದಿಕೆಗಳ ಮೇಲಿಟ್ಟು, ಯಾರೂ ಮುಟ್ಟಕೂಡದು ಎಂದು ಹೇಳಿ, ಲ್ಯಾಪ್‌ಟಾಪು ತೆರೆದು ಕೂತಳು. ಅದರಲ್ಲಿ ವೈಫೈ ಹಿಡಿದ ಎಲ್ಲ ಫೋನುಗಳ ಹೆಸರುಗಳೂ ಕಾಣುತ್ತಿದ್ದವು. ಸ್ವಲ್ಪ ಹೊತ್ತಿಗೆ ನಮ್ಮ ಫೋನಿನ ಹೆಸರು ಮಸುಕಾಗಿ ಅಳಿಸಿಹೋಯಿತು. ಹೊದಿಕೆಯ ಮೇಲೆ ಫೋನು ಹಾಗೇ ಇತ್ತು, ಉಸಿರು ನಿಂತದ್ದು ಹೊರಗೆ ಗೊತ್ತಾಗದ ಹಾಗೆ.

‘ಮೇಲೆ ಹೋಗಿ ಒಂದು ಬೆಲ್ ಒತ್ತಿ ಬನ್ನಿ’ ಎಂದಳು. ಯಾವುದೆಂದು ಹೇಳಲಿಲ್ಲ. ನನ್ನ ಕಾಲು ಕಿಟಕಿ ಹಾಸಿಗೆಗೇ ಹೋಯಿತು. ಅಲ್ಲಿ ಕೂತೆ. ಅಲ್ಲಿಂದ ಬಾಗಿಲು ಕಾಣುತ್ತದೆ, ಬಾಗಿಲಾಚೆ ಖಾಲಿ ಪಡಸಾಲೆ. ಒತ್ತಿದೆ. ಗುಂಡಿಯಲ್ಲಿ ಕೆಂಪು ದೀಪ ಹತ್ತಿತು. ಕರೆ ಹೋಯಿತು ಎಂದು ಅದರ ಅರ್ಥ, ಮೇಷ್ಟ್ರೂ ಹಾಗೇ ತಿಳಿದಿರಬೇಕು. ಯಾರೂ ಬರಲಿಲ್ಲ. ಬರುವುದಿಲ್ಲ ಎಂದು ಗೊತ್ತಿದ್ದೂ ನಾನು ಬಾಗಿಲನ್ನೇ ನೋಡುತ್ತ ಕೂತೆ, ಯಾಕೋ ಎದ್ದು ಬರಲು ಆಗಲಿಲ್ಲ. ನೀನು ಹೋದಾಗಲೆಲ್ಲ ‘ಏನಮ್ಮಾ, ಕ್ಲಾಸಿಗೆ ಲೇಟು’ ಎಂದು ಮೇಷ್ಟ್ರು ರೇಗಿಸುತ್ತಿದ್ದರಲ್ಲ, ಆ ದನಿ ಪಕ್ಕದಲ್ಲೇ ಇದ್ದಂತಾಯಿತು. ಅಳು ಬಂತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆಳಗಿಳಿದೆ. ಫೋನು ಇನ್ನೂ ಸುಮ್ಮನಿತ್ತು. ಆಕೆ ಬೆರಳು ತಾಗಿಸಿದಳು ನೋಡು, ಬೆಳಕು ಬಂತು, ಗಂಟೆ ಹೊಡೆಯಿತು, ‘ಕಿಟಕಿ ಹಾಸಿಗೆ ಕರೆಯುತ್ತಿದೆ’ ಎಂದು ಅಕ್ಷರ ಮೂಡಿತು. ಅಲ್ಲಿ ಕೂತು ಕರೆದವಳು ನಾನು, ಇಲ್ಲಿ ನಿಂತು ಕೇಳುತ್ತಿರುವವಳೂ ನಾನು.

ಬ್ಯಾಟರಿ ಉಳಿಸಲು ಫೋನು ನಿದ್ದೆಗೆ ಜಾರುತ್ತದಂತೆ, ನಿದ್ದೆಗೆ ಜಾರಿದಾಗ ವೈಫೈಯನ್ನೂ ಬಿಟ್ಟುಬಿಡುತ್ತದಂತೆ. ಅಷ್ಟರಲ್ಲಿ ಬಂದ ಕರೆ ಎಲ್ಲೋ ಕಾದು ನಿಂತಿದ್ದು, ಯಾರಾದರೂ ಫೋನು ಮುಟ್ಟಿ ಎಬ್ಬಿಸಿದಾಗ ಒಳಗೆ ಬರುತ್ತದೆ. ವಿಡಿಯೊ ರಾಣಿಯ ಫೋನಿಗೆ ನಿದ್ದೆ ಮಾಡಲು ಪುರುಸೊತ್ತೆಲ್ಲಿ? ನಿನ್ನ ಎರಡೂ ಕೈಯಲ್ಲಿ ಅಜ್ಜಿಯ ಗಂಜಿ ಇತ್ತು, ಫೋನು ಜೇಬಿನಲ್ಲಿ ಹಾಯಾಗಿ ಮಲಗಿತ್ತು. ಕೇಳಿದೆಯಾ ಮಗಳೇ? ನಿದ್ದೆ ಮಾಡಿದ್ದು ಅದು, ನೀನಲ್ಲ. ಈಗ ಮಲಗಿದಾಗಲೂ ವೈಫೈ ಬಿಡದ ಹಾಗೆ, ಬ್ಯಾಟರಿ ಉಳಿತಾಯ ಗಂಟೆಯನ್ನು ಮುಟ್ಟದ ಹಾಗೆ ಎಲ್ಲವನ್ನೂ ಸರಿಮಾಡಿದ್ದಾಳೆ. ಖಾಲಿ ಹಾಸಿಗೆಗಳು ಸುಮ್ಮನಾಗಿವೆ. ಮೇಲ್ವಿಚಾರಕಿ ನನ್ನನ್ನು ಕಂಡರೆ ಫೈಲಿನಲ್ಲಿ ಏನೋ ಹುಡುಕುತ್ತಾಳೆ. ನಿನ್ನ ಗಂಡನಿಗೆ ಹೇಳಿದೆ. ‘ನಾನೂ ಅವಳನ್ನ ಕೇಳಿಬಿಟ್ಟಿದ್ದೆನಮ್ಮಾ, ನಿದ್ದೆ ಬಂದಿತ್ತಾ ಅಂತ’ ಎಂದ. ಬೈಗುಳ ಅವನಿಗೆ ಕೊಟ್ಟಾಗಿದೆ, ನಿನಗೆಂದು ಇಟ್ಟದ್ದೂ ಅದರಲ್ಲೇ ಖರ್ಚಾಯಿತು.

ನಿನ್ನ ಅಕ್ಕನಿಗೂ ಅವಳ ಮನೆಯವರಿಗೂ ನನ್ನ ನೆನಪು ಹೇಳು. ನಿನ್ನ ತಲೆಯ ಮೇಲೆ ನನ್ನ ಕೈ ಇದೆ ಎಂದುಕೊಂಡು ಒಂದು ತುತ್ತು ಹೆಚ್ಚಿಗೆ ತಿನ್ನು.

ಇಂತಿ,
ನಿನ್ನ ಗಯ್ಯಾಳಿ ಅತ್ತೆ

ಮಡಿಸಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಬೇಡವೆಂದುಕೊಂಡಿದ್ದೆ, ಆಗುತ್ತಿಲ್ಲ. ಮೇಷ್ಟ್ರ ಸಾಮಾನು ಒಯ್ಯಲು ಭಾನುವಾರ ಅವರ ಮಗಳು ಬರುತ್ತಾಳೆ. ಹೋದ ವಾರ ಬಂದಾಗ ಬಟ್ಟೆಕೋಣೆಯಲ್ಲಿ ನಿಂತು ಅಂದಳು, ‘ಅಪ್ಪ ಬೆಲ್ಲೇ ಒತ್ತಿರಲಿಲ್ವಂತೆ. ಏನು ಹಠ ನೋಡಿ. ಕೊನೇಲೂ ಯಾರನ್ನೂ ಕರೀಲಿಲ್ಲ.’ ಕಣ್ಣಲ್ಲಿ ನೀರಿಲ್ಲ, ಸತ್ತ ಅಪ್ಪನ ಮೇಲೆ ಬರೀ ಸಿಟ್ಟು. ಮೇಲ್ವಿಚಾರಕಿ ನಮಗೊಂದು ಹೇಳಿ ಅವರಿಗೊಂದು ಹೇಳಿದ್ದಾಳೆ. ರಿಪೇರಿಯಾಕೆ ಫೋನುಗಳನ್ನೆಲ್ಲ ಪೂರ್ತಿ ಅಳಿಸಿ ಹೊಸದಾಗಿ ಮಾಡಿಕೊಟ್ಟಳು, ಹಳೆಯ ಕರೆ ಒಂದೂ ಉಳಿದಿಲ್ಲ. ಅಂದು ನಾನು ಮೆಟ್ಟಿಲ ಮೇಲಿದ್ದೆ, ನಾನು ಕೇಳಲಿಲ್ಲ. ಕೇಳಿದವಳು ನೀನೊಬ್ಬಳೇ. ನಿನ್ನನ್ನು ಮನೆ ಬಿಡಿಸಿದ ಆ ಗಂಟೆಗಾಗಿ ಆ ಹುಡುಗಿ ಕಾಯುತ್ತಿದ್ದಾಳೆ, ಅದು ಇದೆ ಎಂದೂ ಅವಳಿಗೆ ಗೊತ್ತಿಲ್ಲ. ಶನಿವಾರದ ಬಸ್ಸಿಗೆ ಬಾ ಮಗಳೇ. ಅವಳ ಕೈ ಹಿಡಿದು ಹೇಳು, ‘ನಿಮ್ಮಪ್ಪ ಕರೆದಿದ್ರು’ ಅಂತ.