ಕಿಟಕಿಯ ಬಳಿಯ ಮೊಹರು

ಮಾನ್ವಿ, ೧೨ ನವೆಂಬರ್, ಬುಧವಾರ

ಆ ದೂರು ಬರೆಯಬಾರದಿತ್ತು.

ಮೂರು ತಿಂಗಳ ಹಿಂದೆ ನಮ್ಮ ಕಚೇರಿಯ ಅಟೆಂಡರ್ ಆದೆಮ್ಮ ನನ್ನ ಮೇಜಿನ ಮೇಲಿದ್ದ ಮೊಹರನ್ನು ಒಯ್ದು ದೂರದ ಕಿಟಕಿಯ ಬಳಿ ಇಟ್ಟಳು. ಹತ್ತು ಅರ್ಜಿಗೊಮ್ಮೆ ಎದ್ದು ಅಲ್ಲಿಗೆ ನಡೆಯಬೇಕು. ವಾಪಸ್ ತಂದಿಟ್ಟುಕೊಂಡರೆ ಮರುದಿನ ಮತ್ತೆ ಅಲ್ಲೇ ಇರುತ್ತಿತ್ತು. ರೇಗಿ ಹೋಗಿ ಸೋಮವಾರ ಸಾಹೇಬರಿಗೆ ದೂರು ಬರೆದುಕೊಟ್ಟೆ.

ಇಂದು ರಾಯಚೂರಿನಲ್ಲಿ ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿದರು. ಊಟದ ನಂತರದ ಶುಗರ್ ಇನ್ನೂರ ನಲವತ್ತರಿಂದ ನೂರ ಎಂಬತ್ತೈದಕ್ಕೆ ಇಳಿದಿದೆ.

"ಗುಳಿಗಿ ಅವೇ, ಅನ್ನ ಅದೇ. ಮತ್ತೇನು ಬದಲು ಮಾಡೀರಿ, ನಾಹಿದ್ ಅವರ?"

ಎಷ್ಟು ಯೋಚಿಸಿದರೂ ಮೊಹರೊಂದೇ ನೆನಪಾಯಿತು. ಹೇಳಿದೆ.

"ಹಂಗ ಆಗಾಗ ಎದ್ದು ಅಡ್ಡಾಡಿದ್ದೇ ಕೆಲಸ ಮಾಡೇದ ನೋಡ್ರಿ" ಎಂದರು.

ಮಧ್ಯಾಹ್ನ ಬಸ್ಸಿಳಿದು ನೇರ ಆದೆಮ್ಮನ ಬಳಿ ಹೋಗಿ ಯಾಕೆಂದು ಕೇಳಿದೆ.

"ನಮ್ಮ ಮನಿಯವರು ಸಕ್ಕರಿ ಕಾಯಿಲಿಗೆ ಕಾಲು ಕಳಕೊಂಡ್ರು ಮೇಡಂ. ಎದ್ದು ಅಡ್ಡಾಡ್ರಿ ಅಂದ್ರ ನೀವು ಕೇಳ್ತಿದ್ದಿಲ್ಲ. ಅದಕ್ಕ ಮೊಹರು ಎತ್ತಿಟ್ಟೆ."

ಅವಳ ಕೈ ಹಿಡಿದು ಶುಕ್ರಿಯಾ ಎಂದೆ.

ನಾಳೆ ಮೊದಲ ಕೆಲಸ, ದೂರು ಹಿಂಪಡೆಯುವ ಪತ್ರ. ಅದಕ್ಕೂ ಮೊಹರು ಬೀಳಬೇಕು. ಕಿಟಕಿಯವರೆಗೆ ನಡೆದು ಹೋಗಿ ಒತ್ತಿ, ಮೊಹರನ್ನು ಅಲ್ಲೇ ಬಿಟ್ಟು ಬರುತ್ತೇನೆ.